ಗುರುಕ್ಕಳ್ ಹೊರಟರು ಷೆಂಗೆನ್‌ಗೆ

‘ಗುರುಕ್ಕಳ್’ ಎಂಬುದು ಬಹುವಚನ. ಎದುರಿಗೆ ನಿಂತವರು ಒಬ್ಬರೇ ಆದರೂ ಬಹುವಚನವೇ. ಕೇರಳದ ಸಮರಕಲೆ ಕಳರಿಪಯಟ್ಟು ಕಲಿಸುವವರನ್ನು ಮಲಯಾಳಿಗಳು ಹೀಗೆ ಕರೆಯುವುದು ಗೌರವಕ್ಕೆ. ಅವರ ಹಿಂದೆ ಆಗಿಹೋದ ಗುರುಗಳೆಲ್ಲ ಅದರೊಳಗೆ ಬಂದರು ಎಂದು ಶಿಷ್ಯರು ಅರ್ಥ ಬಿಡಿಸುತ್ತಾರೆ. ಬೆಂಗಳೂರಿನ ವೀಸಾ ಕೇಂದ್ರದ ಕೌಂಟರಿನಲ್ಲಿ ಮಾತ್ರ ಪರಂಪರೆಗೆ ಟೋಕನ್ ಕೊಡುವುದಿಲ್ಲ. ಅಲ್ಲಿ ಒಬ್ಬ ಮನುಷ್ಯ, ಒಂದು ಪಾಸ್‌ಪೋರ್ಟ್, ಎರಡು ಫೋಟೊ.

“ಆಕ್ಯುಪೇಷನ್ ಏನು ಸರ್?”

“ಗುರುಕ್ಕಳ್.”

“ಅದು ಸರ್‌ನೇಮ್ ಅಲ್ವಾ?”

ಅಲ್ಲ. ಆದರೆ ಹಾಲಿನವನಿಂದ ಹಿಡಿದು ಮನೆ ಓನರ್‌ವರೆಗೆ ಎಲ್ಲರೂ ಹಾಗೇ ಕರೆದು ಕರೆದು, ಅವರ ಸ್ವಂತ ಹೆಸರು ಆಧಾರ್ ಕಾರ್ಡಿನಲ್ಲಷ್ಟೇ ಉಳಿದಿದೆ. ಮುಂದಿನ ತೊಡಕು ಬ್ಯಾಂಕಿನದು. ಕಳರಿಯಲ್ಲಿ ದಕ್ಷಿಣೆ ಕೊಡುವುದು ವೀಳ್ಯದೆಲೆಯಲ್ಲಿಟ್ಟು. ವೀಳ್ಯದೆಲೆಗೆ ಪಾಸ್‌ಬುಕ್ಕಿನಲ್ಲಿ ಎಂಟ್ರಿ ಇರುವುದಿಲ್ಲ. ಅರ್ಜಿ ತಿರಸ್ಕಾರವಾದರೆ ಶುಲ್ಕ ವಾಪಸಾಗುವುದೂ ಇಲ್ಲ. ಅದು 2024ರ ಜೂನ್‌ನಿಂದ 80 ಯೂರೊ ಇದ್ದದ್ದು 90 ಆಗಿದೆ. ವೀಸಾ ಸಿಕ್ಕರೆ ಯುರೋಪಿನ ಷೆಂಗೆನ್ ದೇಶಗಳಲ್ಲಿ 180 ದಿನಗಳಿಗೆ ಹೆಚ್ಚೆಂದರೆ 90 ದಿನ ಇರಬಹುದು. ಗುರುಕ್ಕಳ್‌ಗೆ ಅಷ್ಟೆಲ್ಲ ಬೇಡ. ಮೂರು ವಾರ, ಮೂರು ಊರು, ಮೂರು ಶನಿವಾರ-ಭಾನುವಾರ.

ಇಂಥ ಗುರುಕ್ಕಳ್ ಬೆಂಗಳೂರಿನಲ್ಲಿ ಒಬ್ಬರಲ್ಲ, ಹಲವರಿದ್ದಾರೆ. ಕೊಚ್ಚಿಯಲ್ಲೂ ಇದ್ದಾರೆ, ತಿರುವನಂತಪುರದಲ್ಲೂ ಇದ್ದಾರೆ. ನಾವು ನೋಡುತ್ತಿರುವವರು ಉತ್ತರ ಕೇರಳದ ವಡಕರ ಕಡೆಯವರು. ಇಪ್ಪತ್ತೈದು ವರ್ಷದ ಹಿಂದೆ ಬೆಂಗಳೂರಿಗೆ ಬಂದರು, ಹಾಸನದ ಹುಡುಗಿಯನ್ನು ಮದುವೆಯಾದರು. ಹಾಗಾಗಿ ಮನೆಯಲ್ಲಿ ಕನ್ನಡ, ಕಳರಿಯಲ್ಲಿ ಮಲಯಾಳ, ಸಿಟ್ಟು ಬಂದಾಗ ಎರಡೂ.

ಬಂದ ಹೊಸದರಲ್ಲಿ ಅವರ ದೊಡ್ಡ ಶತ್ರು ಸೈಟಿನ ಅಳತೆ. ಶಾಸ್ತ್ರದ ಪ್ರಕಾರ ಕಳರಿಯೆಂದರೆ ನೆಲ ಅಗೆದು ಮಾಡಿದ ಕುಳಿ: 42 ಅಡಿ ಉದ್ದ, 21 ಅಡಿ ಅಗಲ, ಬಾಗಿಲು ಪೂರ್ವಕ್ಕೆ, ನೈರುತ್ಯ ಮೂಲೆಯಲ್ಲಿ ಏಳು ಮೆಟ್ಟಿಲಿನ ಪೂಜೆಯ ಕಟ್ಟೆ, ಪೂತ್ತರ. ಬೆಂಗಳೂರಿನ ಮಧ್ಯಮವರ್ಗದ ಜೀವಮಾನದ ಕನಸು 30-40 ಸೈಟು. ಅಂದರೆ ಇಡೀ ಸೈಟನ್ನೇ ಅಗೆದರೂ ಎರಡು ಅಡಿ ಪಕ್ಕದ ಮನೆಯವರ ಕಾಂಪೌಂಡಿಗೆ ಹೋಗುತ್ತದೆ. ಕೊನೆಗೆ ಒಂದು ಅಪಾರ್ಟ್‌ಮೆಂಟಿನ ಬೇಸ್‌ಮೆಂಟ್ ಬಾಡಿಗೆಗೆ ಸಿಕ್ಕಿತು. ನೆಲಮಟ್ಟಕ್ಕಿಂತ ಕೆಳಗೆ ಇದೆಯಲ್ಲ, ಶಾಸ್ತ್ರಕ್ಕೆ ಸರಿಹೋಯಿತು ಎಂದು ಗುರುಕ್ಕಳ್ ಸಮಾಧಾನಪಟ್ಟರು. ನೈರುತ್ಯದಲ್ಲಿ ಮೂರನೇ ಮಹಡಿಯವರ ಸ್ಕೂಟರ್ ನಿಲ್ಲುತ್ತಿತ್ತು. ಅದನ್ನು ಎಬ್ಬಿಸಲು ಹತ್ತು ತಿಂಗಳು ಹಿಡಿಯಿತು.

ಅವರಿಗೆ ವಿದೇಶದ ದಾರಿ ತೋರಿಸಿದ್ದು ಅಲ್ಲೇ ಕಲಿತ ಹುಡುಗಿ. ಸುರತ್ಕಲ್ ಕಡೆಯವಳು, ಸಾಫ್ಟ್‌ವೇರ್. ಎರಡು ವರ್ಷ ಬೇಸ್‌ಮೆಂಟಿನಲ್ಲಿ ಬೆವರು ಸುರಿಸಿ, ಆಮೇಲೆ ಜರ್ಮನಿಯಲ್ಲಿ ಕೆಲಸ ಹಿಡಿದಳು. ಅಲ್ಲಿಯ ಡ್ಯಾನ್ಸ್ ಗುಂಪಿನವರಿಗೆ ಒಂದು ದಿನ ಎರಡು ಒದೆ ತೋರಿಸಿದ್ದೇ ತಪ್ಪಾಯಿತು, ನಿಮ್ಮ ಗುರುವನ್ನು ಕರೆಸಿ ಅಂದರು. ಯುರೋಪಿನಲ್ಲಿ ಕಳರಿಗೆ ಬರುವವರಲ್ಲಿ ಹೊಡೆದಾಟದ ಹುಚ್ಚಿನವರಿಗಿಂತ ನಟರು, ನರ್ತಕರು ಹೆಚ್ಚು. ಇದಕ್ಕೊಂದು ಹಿನ್ನೆಲೆ ಇದೆ. ಅಮೆರಿಕದ ರಂಗಕರ್ಮಿ ಫಿಲಿಪ್ ಜರಿಲ್ಲಿ 1976ರಲ್ಲಿ ತಿರುವನಂತಪುರದ ಸಿ.ವಿ.ಎನ್. ಕಳರಿಗೆ ಬಂದು ಗೋವಿಂದನ್‌ಕುಟ್ಟಿ ನಾಯರ್ ಅವರಲ್ಲಿ ಕಲಿತರು. ಅದನ್ನು ನಟರ ತರಬೇತಿಗೆ ಒಗ್ಗಿಸಿ, ಮುಂದೆ ಬ್ರಿಟನ್ನಿನ ವೇಲ್ಸ್‌ನಲ್ಲಿ ತಮ್ಮದೇ ಕಳರಿ ಕಟ್ಟಿದರು. ಕತ್ತಿ ಹಿಡಿದು ಊರ ಜಗಳಕ್ಕೆ ಅಂಕ ಕಟ್ಟುತ್ತಿದ್ದ ವಿದ್ಯೆ ನಾಟಕದವರ ಬೆನ್ನುಹುರಿ ನೆಟ್ಟಗೆ ಮಾಡುವ ವಿದ್ಯೆಯಾಗಿ ಹಡಗು ಹತ್ತಿದ್ದು ಹೀಗೆ. ಗುರುಕ್ಕಳ್‌ಗೆ ಇದರಲ್ಲಿ ಬೇಸರವಿಲ್ಲ. ನಟರು ಕೊಟ್ಟ ಟೈಮಿಗೆ ಬರುತ್ತಾರೆ ಅನ್ನುತ್ತಾರೆ.

ಒಂದೇ ಸಂಕಟ ಕ್ಯಾಲೆಂಡರಿನದು. ಕಳರಿಗೆ ಹೇಳಿ ಮಾಡಿಸಿದ ಕಾಲ ಮಳೆಗಾಲ. ಕರ್ಕಿಡಕ ಮಾಸದಲ್ಲಿ, ತುಳುವರ ಆಟಿಯಲ್ಲಿ, ಮೈಗೆ ಎಣ್ಣೆ ಹಚ್ಚಿ ಉಳಿಚ್ಚಿಲ್, ಅಂದರೆ ಮಾಲೀಸು, ಮಾಡಿಸಿಕೊಂಡರೆ ದೇಹ ಬಾಗುತ್ತದೆ ಎಂದು ಲೆಕ್ಕ. ಯುರೋಪಿನವರಿಗೆ ಬೇಸಿಗೆ ರಜೆ ಬರುವುದೂ ಅದೇ ಜುಲೈ-ಆಗಸ್ಟಿನಲ್ಲಿ. ಹೀಗಾಗಿ ಕಲಿಸಬೇಕಾದ ಕಾಲದಲ್ಲಿ ಗುರು ಊರಲ್ಲಿರುವುದಿಲ್ಲ, ಊರಲ್ಲಿರುವಾಗ ಮಕ್ಕಳಿಗೆ ಪರೀಕ್ಷೆ.

ಸೂಟ್‌ಕೇಸ್ ತುಂಬುವುದು ಒಂದು ರಾತ್ರಿಯ ಯುದ್ಧ. 23 ಕಿಲೊ ಮಿತಿ. ಕತ್ತಿ-ಗುರಾಣಿ ಬೇಡ ಎಂದು ಮೊದಲೇ ತೀರ್ಮಾನ. ಮೂರು ಗೇಣಿನ ಗಿಡ್ಡ ಕೋಲುಗಳು, ಚೆರುವಡಿಗಳು, ಕೂರುತ್ತವೆ. ಕೆಟ್ಟುಕಾರಿ ಎಂಬ ಉದ್ದ ಕೋಲು ಹನ್ನೆರಡು ಗೇಣು, ಅದಕ್ಕೆ ವಿಮಾನದಲ್ಲಿ ಪ್ರತ್ಯೇಕ ಸೀಟು ಬೇಕು. ಆನೆಯ ದಂತದಂತೆ ಬಾಗಿದ ಮರದ ಒಟ್ಟ ಯಾವ ಕಡೆ ತಿರುಗಿಸಿಟ್ಟರೂ ಉಪ್ಪಿನಕಾಯಿ ಡಬ್ಬಕ್ಕೆ ತಿವಿಯುತ್ತದೆ. “ಒಂದೋ ಒಟ್ಟ, ಇಲ್ಲಾ ಉಪ್ಪಿನಕಾಯಿ, ಯಾವ್ದಾದ್ರೂ ಒಂದು ತಗೊಂಡ್ಹೋಗಿ” ಎಂದು ಹೆಂಡತಿ ನ್ಯಾಯ ಹೇಳುತ್ತಾರೆ. ಎರಡೂ ಹೋಗುತ್ತವೆ. ಬಿಟ್ಟುಹೋಗುವುದು ಸ್ವೆಟರ್.

ವಿಮಾನ ನಿಲ್ದಾಣದಲ್ಲಿ ಎಕ್ಸ್-ರೇ ಮುಂದೆ ಕೂತವರು ಒಟ್ಟದ ನೆರಳನ್ನು ಕಂಡು ಚೀಲ ಬಿಚ್ಚಿಸುತ್ತಾರೆ. “ಇದೇನ್ ಸರ್?” ಆಯುಧ ಎಂದರೆ ಕೆಟ್ಟಿತು, ಆಟದ ಸಾಮಾನು ಎಂದರೆ ಗುರುಶಾಪ. ಗುರುಕ್ಕಳ್ ಈಗ ಮಧ್ಯದ ಮಾತೊಂದನ್ನು ಕಂಡುಕೊಂಡಿದ್ದಾರೆ: “ಟೀಚಿಂಗ್ ಏಡ್.”

ಜರ್ಮನಿಯಲ್ಲಿ ಅವರಿಗೆ ಕೊಡುವುದು ಶಾಲೆಯೊಂದರ ಆಟದ ಹಾಲ್. ಮರದ ನೆಲ ಕನ್ನಡಿಯಂತಿದೆ, ಎಣ್ಣೆ ಒಂದು ಹನಿ ಬೀಳಬಾರದು ಎಂದು ಗೋಡೆ ಮೇಲೆ ಬರೆದಿದೆ. ಗುರುಕ್ಕಳ್ ಮೊದಲು ಫೋನಿನ ದಿಕ್ಸೂಚಿ ತೆಗೆದು ನೈರುತ್ಯ ಹುಡುಕುತ್ತಾರೆ. ನೈರುತ್ಯದಲ್ಲಿ ತಂಪು ಪಾನೀಯದ ಯಂತ್ರ ನಿಂತಿರುತ್ತದೆ. ಅದನ್ನು ಎಬ್ಬಿಸಲು ಹತ್ತು ತಿಂಗಳ ಸಮಯವಿಲ್ಲ. ಅದರ ಪಕ್ಕದಲ್ಲೇ, ಯೋಗದವರು ಬಳಸುವ ಬೆಂಡಿನ ಇಟ್ಟಿಗೆಗಳನ್ನು ಮೆಟ್ಟಿಲಾಗಿ ಜೋಡಿಸಿ ಪೂತ್ತರ ಕಟ್ಟಬೇಕು. ಏಳು ಮೆಟ್ಟಿಲಿಗೆ ಇಪ್ಪತ್ತೆಂಟು ಇಟ್ಟಿಗೆ. ಹಾಲ್‌ನವರ ಹತ್ತಿರ ಇಪ್ಪತ್ತೈದೇ ಇದ್ದವು. ಉಳಿದ ಮೂರರ ಜಾಗಕ್ಕೆ ಜರ್ಮನ್ ನಿಘಂಟು, ಶೂ ಡಬ್ಬ ಮತ್ತು ಅವರದೇ ಅವಲಕ್ಕಿ ಪೊಟ್ಟಣ ಬಂದವು.

ದೀಪಕ್ಕೆ ಬ್ಯಾಟರಿ ಮೇಣದಬತ್ತಿ. ಇದು ಎರಡನೇ ಪ್ರವಾಸದ ಜ್ಞಾನ. ಮೊದಲ ಸಲ ಅವರು ನಿಜವಾದ ಅಗರಬತ್ತಿಯನ್ನೇ ಹಚ್ಚಿದ್ದರು, ಅದೂ ಒಂದಲ್ಲ, ಮೂರು. ಛಾವಣಿಯ ಯಂತ್ರ ಕಿರುಚಿಕೊಂಡಿತು, ಎಲ್ಲರೂ ಲಂಗೋಟಿಯಲ್ಲೇ ಹುಲ್ಲುಹಾಸಿಗೆ ಬಂದು ನಿಂತರು, ಅಗ್ನಿಶಾಮಕದವರು ಬಂದೇ ಬಿಟ್ಟರು. ಆಳೆತ್ತರದ ಅಧಿಕಾರಿಯೊಬ್ಬ ಮೊಣಕಾಲುದ್ದದ ಬೂಟು ಹಾಕಿಕೊಂಡು ಹಾಲ್‌ಗೆ ನುಗ್ಗುವಾಗ ಗುರುಕ್ಕಳ್ ಬಾಗಿಲಲ್ಲಿ ಅಡ್ಡ ನಿಂತು ಹೇಳಿದ್ದು ಒಂದೇ ಮಾತು: “ಶೂಸ್ ಔಟ್‌ಸೈಡ್.” ಆತ ಬಿಚ್ಚಿದ. ಬಲಗಾಲು ಮೊದಲಿಟ್ಟು ಒಳಗೆ ಬಾ ಎಂದು ಹೇಳುವಷ್ಟರಲ್ಲಿ ಹುಡುಗಿ ಅವರನ್ನು ಈಚೆ ಎಳೆದಳು.

ಪಾಠ ಶುರುವಾದರೆ ಗುರುಕ್ಕಳ್ ಬೇರೆಯೇ ಮನುಷ್ಯ. ಕಳರಿಯ ಪಾಠ ನಡೆಯುವುದು ವಾಯ್ತಾರಿಯಲ್ಲಿ, ಬಾಯಿಂದ ಲಯವಾಗಿ ಹೊರಡುವ ಆಜ್ಞೆಯಲ್ಲಿ. ಬೆಂಗಳೂರಿನ ಕನ್ನಡದ ಮಕ್ಕಳಿಗೆ ಇದು ಅರ್ಧ ತಾನಾಗಿ ತಿಳಿಯುತ್ತದೆ: ವಲತ್ತು ಎಂದರೆ ಬಲ, ಇಡತ್ತು ಎಂದರೆ ಎಡ, ವಾಯ್ ಎಂದರೆ ಬಾಯಿ, ಮೆಯ್ ಎಂದರೆ ಮೈ. ಜರ್ಮನರಿಗೆ ಆ ಅನುಕೂಲವಿಲ್ಲ. ಅದಕ್ಕಾಗಿ ಗುರುಕ್ಕಳ್ ಇಂಗ್ಲಿಷಿನಲ್ಲೂ ವಾಯ್ತಾರಿ ಕಟ್ಟಿದ್ದಾರೆ. “ರೈಟ್ ಲೆಗ್ ಅಪ್, ಟರ್ನ್, ಸಿಟ್, ಫುಲ್ ಸಿಟ್, ನೋ ಹಾಫ್ ಸಿಟ್, ಇಡತ್ತ್ ಅಮರ್ನ್ನ್, ಲುಕ್ ಲುಕ್ ಲುಕ್.” ವ್ಯಾಕರಣ ಇಲ್ಲದಿದ್ದರೂ ತಾಳ ತಪ್ಪುವುದಿಲ್ಲ.

ತೊಂದರೆ ಬರುವುದು ಪ್ರಶ್ನೆಯಿಂದ. ವಡಕರದ ಕಳರಿಯಲ್ಲಿ ಅವರು ಹನ್ನೆರಡು ವರ್ಷ ಕಲಿತರು. ಒಂದು ದಿನವೂ ‘ಯಾಕೆ’ ಎಂದು ಕೇಳಲಿಲ್ಲ. ಕೇಳಿದವನಿಗೆ ಸಿಗುತ್ತಿದ್ದ ಉತ್ತರ ‘ಇನ್ನೊಂದು ಸಲ ಮಾಡು’ ಎಂಬುದೇ. ಇಲ್ಲಿ ಮೂವತ್ತು ಜನ ನೋಟ್‌ಬುಕ್ ಹಿಡಿದು ಕೂತಿದ್ದಾರೆ. ನೇರ್‌ಕಾಲ್ ತೋರಿಸಿದರು: ಕಾಲು ಮಡಿಸದೆ ತಲೆಯ ಮೇಲೆತ್ತಿದ ಅಂಗೈಗೆ ತಾಗುವಂತೆ ಬೀಸುವ ಒದೆ. ಮುಂದಿನ ಸಾಲಿನ ಫಿಸಿಯೊಥೆರಪಿಸ್ಟ್ ಹೆಂಗಸು ಕೈ ಎತ್ತಿದಳು. ಇದರಲ್ಲಿ ಕೆಲಸ ಮಾಡುವ ಸ್ನಾಯು ಯಾವುದು?

ಗುರುಕ್ಕಳ್ ಯೋಚಿಸಿದರು. “ಆಲ್.”

ಆಕೆ ಬಿಡಲಿಲ್ಲ. ಸೋಯಸ್ ಇರಬೇಕಲ್ಲವೇ, ಅದೇ ಸೊಂಟದ ಬೆನ್ನೆಲುಬಿನಿಂದ ಹೊರಟು ತೊಡೆಯೆಲುಬಿಗೆ ಅಂಟುವ ಸ್ನಾಯು? ಗುರುಕ್ಕಳ್ ಗಂಭೀರವಾಗಿ ತಲೆದೂಗಿದರು. ಮೂವತ್ತು ಜನ ಬರೆದುಕೊಂಡರು. ರಾತ್ರಿ ಕೋಣೆಯಲ್ಲಿ ಫೋನ್ ಹಿಡಿದು ಆ ಪದದ ಸ್ಪೆಲಿಂಗ್ ಹುಡುಕಲು ಅರ್ಧ ಗಂಟೆ ಹೋಯಿತು, ಏಕೆಂದರೆ ಅದು ಶುರುವಾಗುವುದು ಪಿ ಅಕ್ಷರದಿಂದ ಎಂದು ಯಾರೂ ಹೇಳಿರಲಿಲ್ಲ. ಎರಡನೇ ಊರಿನಲ್ಲಿ ಅವರೇ “ಸೋಯಸ್” ಎಂದರು. ಮೂರನೇ ಊರಿಗೆ ಹೋಗುವಷ್ಟರಲ್ಲಿ ಅದು ಅವರ ಗುರುವಿನ ಗುರು ಕಿವಿಯಲ್ಲಿ ಹೇಳಿಹೋದ ಮಾತಿನಂತೆ ಬರುತ್ತಿತ್ತು.

ಪೋಸ್ಟರ್‌ನಲ್ಲಿ ಹಾಕಿರುವುದು ಉರುಮಿಯ ಚಿತ್ರ. ಸೊಂಟಕ್ಕೆ ಸುತ್ತಿಕೊಳ್ಳಬಹುದಾದ ಬಳುಕುವ ಕತ್ತಿ, ಬೀಸಿದವನನ್ನೇ ಸೀಳಬಲ್ಲದ್ದು. ಅದನ್ನು ನೋಡಿ ಹಣ ಕಟ್ಟಿದವರಿಗೆ ಶನಿವಾರ ಪೂರ್ತಿ ಸಿಗುವುದು ಕಾಲೆತ್ತುವ ಕೆಲಸ. ಕ್ರಮ ಇರುವುದೇ ಹಾಗೆ: ಮೊದಲು ಮೆಯ್ತಾರಿ, ಮೈಯ ಪಾಠ, ಆಮೇಲೆ ಕೋಲ್ತಾರಿ, ಮರದ್ದು, ಅನಂತರ ಅಂಕತ್ತಾರಿ, ಕಬ್ಬಿಣದ್ದು, ವೆರುಂಕೈ, ಅಂದರೆ ಬರಿಗೈ, ಎಲ್ಲಕ್ಕಿಂತ ಕೊನೆಗೆ. ಕರಾಟೆ ಕಲಿತು ಬಂದವರಿಗೆ ಇದು ತಲೆಕೆಳಗಾಗಿ ಕಾಣುತ್ತದೆ. ಬರಿಗೈಗೆ ಬರಲು ಎಷ್ಟು ವರ್ಷ ಬೇಕು ಎಂದು ಒಬ್ಬ ಕೇಳಿದ. ಗುರುಕ್ಕಳ್ ತಮ್ಮ ಮೊದಲ ಪ್ರವಾಸವನ್ನು ನೆನೆದಿರಬೇಕು. ಟಿಕೆಟ್, ವೀಸಾ, ವಿಮೆ ಎಲ್ಲ ಕಳೆದು ಅವರು ಮೂರೇ ವಾರದಲ್ಲಿ ಆ ಹಂತ ಮುಟ್ಟಿದ್ದರು.

ಪೋಸ್ಟರ್‌ನ ಇನ್ನೊಂದು ಸಾಲು ‘ಮರ್ಮರಹಸ್ಯ’. ಅದನ್ನು ಬರೆಸಿದವರು ಸಂಘಟಕರು. ಆಯುರ್ವೇದದ ಸುಶ್ರುತ ಹೇಳುವ ಮರ್ಮಗಳು, ದೇಹದ ಸೂಕ್ಷ್ಮ ಜಾಗಗಳು, 107. ಹೊಡೆದಾಟಕ್ಕೆಂದು ಕಳರಿಯವರು ಗುಟ್ಟಾಗಿಡುವುದು 64. ಕೊನೆಯವರೆಗೆ ಜೊತೆಗಿದ್ದ ಒಬ್ಬಿಬ್ಬರು ಶಿಷ್ಯರಿಗೆ ಮಾತ್ರ ಹೇಳುವ ವಿದ್ಯೆಯನ್ನು ಭಾನುವಾರ ಮೂರರಿಂದ ನಾಲ್ಕೂವರೆಯೊಳಗೆ ಹೇಳಿ ಮುಗಿಸಬೇಕು. ಗುರುಕ್ಕಳ್ ಸುಳ್ಳು ಹೇಳುವವರಲ್ಲ, ಗುಟ್ಟು ಬಿಡುವವರೂ ಅಲ್ಲ. ತಲೆನೋವಿಗೆ ಒತ್ತುವ ಜಾಗ ಒಂದನ್ನು ತೋರಿಸಿ, ಎಲ್ಲರಿಗೂ ಪರಸ್ಪರ ಒತ್ತಲು ಹೇಳಿ, ಚಹಾಕ್ಕೆ ಬಿಡುತ್ತಾರೆ. ಎಲ್ಲರಿಗೂ ಖುಷಿ. ತಲೆನೋವೂ ಹೋಗಿರುತ್ತದೆ.

ಇದನ್ನೆಲ್ಲ ಓದಿ ಅವರನ್ನು ಡೋಂಗಿ ಎಂದುಕೊಂಡರೆ ತಪ್ಪಾಗುತ್ತದೆ. ಮೂರು ತಿಂಗಳು ಕಲಿತು, ಕೆಂಪು ಕಚ್ಚೆ ಕಟ್ಟಿ, ವಿಡಿಯೊ ಮಾಡಿ ವಿಮಾನ ಹತ್ತುವವರು ಬೇರೆ ಇದ್ದಾರೆ. ಅವರ ಚಿತ್ರ ಬರೆಯಲು ಇಷ್ಟು ಕಾಗದ ಬೇಡ. ನಮ್ಮವರ ತೊಡೆ ನೋಡಿದರೆ ಸಾಕು. ಐವತ್ತನಾಲ್ಕರ ವಯಸ್ಸಿನಲ್ಲಿ ಗಜವಡಿವಿಗೆ, ಆನೆಯ ಭಂಗಿಗೆ, ಇಳಿದರೆಂದರೆ ಬೆನ್ನ ಮೇಲೆ ನೀರು ತುಂಬಿದ ಲೋಟ ಇಡಬಹುದು.

ಆ ಗಜವಡಿವಿನಿಂದಲೇ ಒಂದು ಪ್ರಸಂಗ ನಡೆಯಿತು. ಬೆಳಿಗ್ಗೆ ಹತ್ತೂವರೆ, ಬೆಂಗಳೂರಿನಲ್ಲಿ ಮಧ್ಯಾಹ್ನ ಎರಡು. ಗುರುಕ್ಕಳ್ ಆನೆಯಾಗಿ ಕೂತಿದ್ದಾರೆ, ಮೂವತ್ತು ಜನ ಮರಿಯಾನೆಗಳಾಗಿ ಎದುರಿಗೆ. ಸೊಂಟದ ಬಟ್ಟೆಯಲ್ಲಿ ಸಿಕ್ಕಿಸಿದ್ದ ಫೋನ್ ಹೊಡೆದುಕೊಂಡಿತು.

“ರೀ, ಗ್ಯಾಸ್‌ನವ್ನು ಬಾಗ್ಲಲ್ಲಿ ನಿಂತಿದಾನೆ. ಕೋಡ್ ನಿಮ್ ಫೋನಿಗೆ ಬಂದಿದ್ಯಂತೆ, ಬೇಗ ಹೇಳಿ.”

ಎದ್ದರೆ ಪಾಠ ಕೆಡುತ್ತದೆ. ಗುರುಕ್ಕಳ್ ಕೂತಲ್ಲೇ, ಬೆನ್ನು ಒಂದಿಂಚೂ ಅಲುಗಿಸದೆ, ಮೆಸೇಜು ತೆಗೆದು ಕನ್ನಡದಲ್ಲಿ ಹೇಳತೊಡಗಿದರು. “ಎಂಟು... ನಾಕು... ಸೊನ್ನೆ...” ಅಲ್ಲಿ ಮಿಕ್ಸಿ ಓಡುತ್ತಿತ್ತು. “ಎಂಟು! ನಾಕು! ಸೊನ್ನೆ! ಏಳು!” ಎರಡನೇ ಸಲ ಧ್ವನಿ ಏರಿತು. ಮರಿಯಾನೆಗಳು ಇದು ಹೊಸ ವಾಯ್ತಾರಿ ಎಂದುಕೊಂಡವು. ಯಾರೂ ಏಳಲಿಲ್ಲ. ತೊಡೆಗಳು ನಡುಗಿದವು, ಬೆವರು ಮರದ ನೆಲಕ್ಕೆ ತೊಟ್ಟಿಕ್ಕಿತು. ಹಿಂದಿನ ಸಾಲಿನಿಂದ ಒಬ್ಬ ಮೆಲ್ಲಗೆ, ಭಕ್ತಿಯಿಂದ “ಎಂಟು, ನಾಕು” ಎಂದ. ಸಿಲಿಂಡರ್ ಒಳಗೆ ಹೋಗುವವರೆಗೆ ನಾಲ್ಕು ನಿಮಿಷ. ಅಷ್ಟು ಹೊತ್ತು ಯಾರೂ ಅಲುಗದೆ ಕೂತದ್ದು ಆ ಪ್ರವಾಸದಲ್ಲಿ ಅದೊಂದೇ ಸಲ. ಸುರತ್ಕಲ್ಲಿನ ಹುಡುಗಿ ಕಿಟಕಿಯ ಕಡೆ ಮುಖ ತಿರುಗಿಸಿ ನಿಂತಿದ್ದಳು. ಅವಳ ಭುಜ ಕುಣಿಯುತ್ತಿತ್ತು.

ಊಟದ ನಂತರ ಭಾಷಣ. ಕಳರಿ ಮೂರು ಸಾವಿರ ವರ್ಷ ಹಳೆಯದು, ಜಗತ್ತಿನ ಸಮರಕಲೆಗಳಿಗೆಲ್ಲ ತಾಯಿ, ಬೋಧಿಧರ್ಮ ಇಲ್ಲಿಂದ ಒಯ್ದು ಶಾವೊಲಿನ್‌ನಲ್ಲಿ ಕಲಿಸಿದ. ಈ ಮೂರು ವಾಕ್ಯ ಇಲ್ಲದ ಕಳರಿ ಭಾಷಣ ಉಪ್ಪಿಲ್ಲದ ಗಂಜಿ. ಆದರೆ ಇತಿಹಾಸಕಾರ ಇಳಂಕುಳಂ ಕುಂಞನ್ ಪಿಳ್ಳೆ ಅವರು ಕಳರಿ ಬೆಳೆದದ್ದನ್ನು 11ನೇ ಶತಮಾನದ ಚೋಳ-ಚೇರ ಯುದ್ಧಗಳೊಂದಿಗೆ ಹೊಂದಿಸುತ್ತಾರೆ. ಬೋಧಿಧರ್ಮನನ್ನು ಕಸರತ್ತಿಗೆ ಗಂಟು ಹಾಕುವ ಚೀನೀ ಗ್ರಂಥ ಸಿಗುವುದು 17ನೇ ಶತಮಾನದಲ್ಲಿ, ಅವನು ತೀರಿಹೋಗಿ ಸಾವಿರ ವರ್ಷ ಕಳೆದ ಮೇಲೆ. ಇದನ್ನು ಓದಿಕೊಂಡೇ ಬಂದಿದ್ದ ಗಡ್ಡದ ಹುಡುಗನೊಬ್ಬ ನಯವಾಗಿ ಕೇಳಿದ. ಗುರುಕ್ಕಳ್ ಅಷ್ಟೇ ನಯವಾಗಿ ಅವನನ್ನು ಮುಂದೆ ಕರೆದು ಇಪ್ಪತ್ತು ನೇರ್‌ಕಾಲ್ ಹಾಕಿಸಿದರು. ಹನ್ನೊಂದಕ್ಕೆ ಹುಡುಗನಿಗೆ ಶತಮಾನ ಮರೆತುಹೋಯಿತು.

ಸಂಜೆಯಾದರೆ ಹೊಟ್ಟೆಯ ಪ್ರಶ್ನೆ. ಭಾರತದ ಗುರು ಎಂದರೆ ಸೊಪ್ಪು ತಿನ್ನುವವರು ಎಂದು ಆತಿಥೇಯ ದಂಪತಿಗಳು ತಾವೇ ನಿರ್ಧರಿಸಿ, ಹಾಲು ಮೊಸರನ್ನೂ ಬಿಟ್ಟು ಅಡುಗೆ ಮಾಡಿದ್ದರು. ಹಸಿ ಕೋಸು, ಬೇಯಿಸಿದ ಕಡಲೆ, ಬೀಜದ ರೊಟ್ಟಿ. ವಡಕರದ ಕಡಲ ಗಾಳಿಯಲ್ಲಿ ಬೆಳೆದ ಮನುಷ್ಯ ಮೂರು ದಿನ ಮುಗುಳ್ನಕ್ಕು ತಿಂದರು. ನಾಲ್ಕನೇ ದಿನ ಹುಡುಗಿಯ ಕಿವಿಯಲ್ಲಿ “ಮೋಳೇ...” ಎಂದರು, ಮುಂದೆ ಹೇಳಲಿಲ್ಲ. ಅವಳಿಗೆ ತಿಳಿಯಿತು. ಆ ರಾತ್ರಿ ‘ಧ್ಯಾನಕ್ಕೆ’ ಎಂದು ಹೇಳಿ ಅವಳ ಮನೆಗೆ ಹೋದ ಗುರುಕ್ಕಳ್ ಬಂಗುಡೆ ಪುಳಿಮುಂಚಿ ಮುಂದಿಟ್ಟುಕೊಂಡು ಬಹಳ ಹೊತ್ತು ಮಾತಾಡಲಿಲ್ಲ. ಕೈ ತೊಳೆದ ಮೇಲೆ ಹೇಳಿದರು: ಉತ್ತರ ಮಲಬಾರಿನ ಕೆಲವು ಕಳರಿಗಳವರು ತಮ್ಮ ವಿದ್ಯೆಯನ್ನು ‘ತುಳುನಾಡನ್’ ಎಂದೇ ಕರೆದುಕೊಳ್ಳುತ್ತಾರೆ, ನಿಮ್ಮೂರಿನಿಂದ ಬಂದದ್ದು ಅಂತ. ಮೀನಿನ ಋಣ ಇತಿಹಾಸದಲ್ಲಿ ತೀರಿತು.

ಕೊನೆಯ ದಿನ ಸರ್ಟಿಫಿಕೇಟ್. ಯಾವ ಬೆಲ್ಟ್ ಕೊಡುತ್ತೀರಿ ಎಂದು ಪ್ರತಿ ಊರಿನಲ್ಲೂ ಒಬ್ಬರು ಕೇಳುತ್ತಾರೆ. ಬೆಲ್ಟಿನ ಕಥೆ ಜೂಡೊದ್ದು, ಜಪಾನಿನ ಕಾನೊ ಜಿಗೊರೊ 1880ರ ದಶಕದಲ್ಲಿ ಶುರುಮಾಡಿದ ದಾನ್ ಪದ್ಧತಿಯಿಂದ ಬೆಳೆದದ್ದು. ಕಳರಿಯಲ್ಲಿ ಸೊಂಟಕ್ಕಿರುವುದು ಉದ್ದನೆಯ ಬಟ್ಟೆ, ಕಚ್ಚೆ. ಹಾಗಾದರೆ ಕೆಂಪು ಕಚ್ಚೆ ದೊಡ್ಡದೋ ಬಿಳಿಯದೋ? ಗುರುಕ್ಕಳ್ ಪ್ರಾಮಾಣಿಕವಾಗಿ ಉತ್ತರಿಸಿದರು. ಬಿಳಿಯದನ್ನು ಒಗೆಯುವುದು ಕಷ್ಟ. ಅದನ್ನೂ ಬರೆದುಕೊಂಡರು. ವಿದಾಯದ ಹೊತ್ತಿಗೆ ಮೂವತ್ತೂ ಜನ ಕಾಲು ಮುಟ್ಟಿ, ಸಾಲದೆಂದು ತಬ್ಬಿಕೊಂಡರು. ಕಾಲು ಮುಟ್ಟಿಸಿಕೊಳ್ಳುವಾಗ ಸಲೀಸಾಗಿದ್ದ ಗುರುಕ್ಕಳ್ ತಬ್ಬಿಸಿಕೊಳ್ಳುವಾಗ ಮಾತ್ರ ಕೆಟ್ಟುಕಾರಿಯಂತೆ ಸೆಟೆದು ನಿಂತಿದ್ದರು.

ಊರಿಗೆ ಬಂದ ವಾರದಲ್ಲಿ ಬೇಸ್‌ಮೆಂಟಿನ ಬೋರ್ಡಿಗೆ ‘ಬೆಂಗಳೂರು, ಜರ್ಮನಿ’ ಎಂದು ಹೊಸ ಬಣ್ಣ ಬಿತ್ತು. ಕಳೆದ ವರ್ಷ ಫೀಸು ಜಾಸ್ತಿಯಾಯಿತು ಎಂದಿದ್ದ ತಾಯಂದಿರು ಈಗ ಫಾರ್ಮ್ ಕೇಳಿದರು. ವಡಕರದಲ್ಲೇ ಉಳಿದು ಮಕ್ಕಳಿಗೆ ಕಲಿಸುತ್ತ ಬಂದ ಮೀನಾಕ್ಷಿ ಅಮ್ಮ ಅವರ ಹೆಸರನ್ನು ದೇಶ ಕೇಳಲು 2017ರ ಪದ್ಮಶ್ರೀ ಬರಬೇಕಾಯಿತು. ನಮ್ಮ ಗುರುಕ್ಕಳ್‌ಗೆ ಸದ್ಯಕ್ಕೆ ಬೋರ್ಡಿನ ಎರಡನೇ ಪದ ಸಾಕಾಯಿತು.

ಸೋಮವಾರ ಬೆಳಿಗ್ಗೆ ಆರಕ್ಕೆ ಮಕ್ಕಳು ಸಾಲಾಗಿ ನಿಂತಿದ್ದರು. ಹೊರಗೆ ಸಣ್ಣ ಮಳೆ. ಗುರುಕ್ಕಳ್ ಎಂದಿನಂತೆ ವಾಯ್ತಾರಿ ಶುರುಮಾಡಿ, ನಡುವೆ ಯಾವುದೋ ಲಹರಿಯಲ್ಲಿ “ಸೋಯಸ್, ಸೋಯಸ್” ಎಂದುಬಿಟ್ಟರು. ನಾಲ್ಕನೇ ಕ್ಲಾಸಿನ ಹುಡುಗನೊಬ್ಬ ಎತ್ತಿದ ಕಾಲು ಇಳಿಸಿದ.

“ಗುರುಕ್ಕಳೇ, ಸೋಯಸ್ ಅಂದ್ರೆ ಏನು?”

ಆ ಬೇಸ್‌ಮೆಂಟಿನಲ್ಲಿ ಇಷ್ಟು ವರ್ಷಕ್ಕೆ ಬಂದ ಮೊದಲ ಪ್ರಶ್ನೆ ಅದು. ಗುರುಕ್ಕಳ್ ಒಂದು ಕ್ಷಣ ಪೂತ್ತರದ ಕಡೆ ನೋಡಿದರು.

“ಇಪ್ಪತ್ತು ನೇರ್‌ಕಾಲ್ ಹಾಕು.”

ಹುಡುಗ ಹಾಕಿದ. ಹದಿನಾರಕ್ಕೆ ತೊಡೆಯ ಬುಡ ಹಿಡಿದುಕೊಂಡು ನಿಂತ.

“ಇಲ್ಲಿ ಉರೀತಿದೆ, ಗುರುಕ್ಕಳೇ.”

“ಹಾಂ, ಅದೇ. ಇನ್ನು ನಾಲ್ಕಿದೆ.”